ಕುವೈತಿಗೆ ಹೋದ ಕ್ಯಾಸೆಟ್ಟು

ದಾದಾಪೀರಣ್ಣ, ಆ ಕ್ಯಾಸೆಟ್ಟಿನಲ್ಲಿ "ಲೈಸೆನ್ಸು ಅವರ ಹೆಸರಲ್ಲೇ ಇರ್ಲಿ" ಎಂದು ಹೇಳಿದ್ದು ವಕೀಲರಲ್ಲ. ನಾನು. ಅದಕ್ಕೆ ಮೊದಲಿನ ಕೆಮ್ಮೂ ನನ್ನದೇ.

ಏಳು ವರ್ಷ ಇಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಿಕ್ಕಿದ್ದೆಲ್ಲ ಹೊರಟಿತು — ನ್ಯಾಮತಿ ಬಸ್ಸಿನ ಕಂಡಕ್ಟರು, ಕೋರ್ಟಿನ ಅಮೀನರು, ನಮ್ಮವ್ವ ನನ್ನನ್ನು ಬೈಯುವ ವೈಖರಿ ಕೂಡ. ಚನ್ನಗಿರಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಕಾಗದ ಓದುವಾಗ ನೀವು ತುಟಿ ಅಲ್ಲಾಡಿಸುವುದನ್ನೂ ನಾಲ್ಕು ಜನರೆದುರು ಮಾಡಿ ತೋರಿಸಿದ್ದೇನೆ. ಅದಕ್ಕೂ ಕ್ಷಮೆ ಕೇಳಬೇಕು — ಆದರೆ ಅದು ಚಿಕ್ಕದು.

ಆಗ ನಾನು ರುದ್ರಪ್ಪ ವಕೀಲರ ಆಫೀಸಿನಲ್ಲಿ ಟೈಪಿಸ್ಟು. ನೀವು ಕೆರೆಬಿಳಚಿಯಲ್ಲಿ ಟ್ರಾಕ್ಟರಿನ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದವರು ಕುವೈತಿಗೆ ಹೋಗಿ, ಐದು ವರ್ಷ ಬೇರೆಯವರ ಕೈಕೆಳಗೆ ದುಡಿದು, ಅಲ್ಲೇ ಗೇಟು-ಕಿಟಕಿ ಮಾಡುವ ಸ್ವಂತ ವರ್ಕ್‌ಶಾಪು ಹಾಕಲು ಹೊರಟಿದ್ದಿರಿ. ಹೊರಗಿನವರು ಅಲ್ಲಿ ತಮ್ಮೊಬ್ಬರ ಹೆಸರಿನಲ್ಲೇ ವ್ಯವಹಾರ ಹಾಕುವಂತಿಲ್ಲ, ಹಾಗಾಗಿ ನಿಮ್ಮ ಮುಂದೆ ಎರಡು ದಾರಿ. ಲೈಸೆನ್ಸನ್ನು ಪೂರ್ತಿಯಾಗಿ ಅಲ್ಲಿನವರೊಬ್ಬರ ಹೆಸರಿನಲ್ಲಿ ತೆಗೆಯುವುದು ಒಂದು — ಬೇಗ ಕೆಲಸ ಶುರುವಾಗುತ್ತದೆ, ಆದರೆ ಕಾಗದದ ಮೇಲೆ ನೀವು ಅವರ ಕೆಲಸಗಾರ. ಇಲ್ಲವೇ ಇಬ್ಬರೂ ಸೇರಿ ಕಂಪನಿ ನೋಂದಾಯಿಸುವುದು — ನೂರರಲ್ಲಿ ಐವತ್ತೊಂದು ಪಾಲು ಅವರದು, ನಲವತ್ತೊಂಬತ್ತು ನಿಮ್ಮದು, ತಿಂಗಳುಗಟ್ಟಲೆ ಓಡಾಟ. ಯಾವುದು ಎಂದು ಕೇಳಿ ನೀವು ಕ್ಯಾಸೆಟ್ಟು ಕಳಿಸಿದಿರಿ. ಗಲ್ಫಿಗೆ ಹೋದವರು ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಗೆ ಕೊಡುತ್ತಿದ್ದ ಕಾಲ.

"ಸಾಹೇಬ್ರೆ, ನನಗೆ ಓದಾಕೆ ಅಷ್ಟು ಬರಲ್ಲ. ನಿಮ್ಮ ಬಾಯಿಂದನೇ ಹೇಳಿಬಿಡ್ರಿ. ನೀವು ಹೆಂಗೆ ಹೇಳ್ತೀರೋ ಹಂಗೆ ಮಾಡ್ತೀನಿ."

ವಕೀಲರು ಬೊಂಬಾಯಿಯಲ್ಲಿದ್ದ ತಮ್ಮ ಸಹಪಾಠಿಗೆ ಎರಡು ಸಲ ಬರೆದು ವಿಚಾರಿಸಿದರು. ಒಂದು ಭಾನುವಾರ ಟೇಪ್‌ರೆಕಾರ್ಡರಿನ ಮುಂದೆ ಕೂತು ಹತ್ತು ನಿಮಿಷ ಮಾತಾಡಿದರು. ಗುಂಡಿ ಒತ್ತುವುದು ನನ್ನ ಕೆಲಸ, ಪಕ್ಕದಲ್ಲೇ ಇದ್ದೆ. ಏನು ಕೇಳಿಸಿಕೊಂಡೆ? "ಆದ್ರೆ" ಎನ್ನುವ ಮೊದಲು ಅವರು ಕೆಮ್ಮುವುದನ್ನು. ಕೊನೆಯಲ್ಲಿ ದನಿ ಇಳಿಸುವುದನ್ನು. ಹೇಗೆ ಹೇಳಿದರು ಎಂಬುದೆಲ್ಲ ನನ್ನ ಕಿವಿಗೆ ಬಿತ್ತು. ಏನು ಹೇಳಿದರು ಎಂಬುದು —

ಮಾರನೆಯ ದಿನ ಅವರು ಕೇಸಿಗೆಂದು ಹೊನ್ನಾಳಿಗೆ ಹೋದರು. ಸಂಜೆ ಗೆಳೆಯರನ್ನು ಆಫೀಸಿಗೆ ಕರೆದು ಆ ಕೆಮ್ಮನ್ನು ಮಾಡಿ ತೋರಿಸಿದೆ. ಜಗಳೂರಿನಿಂದ ಬಂದಿದ್ದ ಒಬ್ಬ, "ಎಲ್ಲಿ, ಅವರದೂ ಹಾಕೋ, ಯಾವುದು ಅಸಲಿ ನೋಡಾಣ" ಎಂದ. ಹಾಕಿದೆ. ನಗುವಿನ ಭರದಲ್ಲಿ ಒತ್ತಬಾರದ ಗುಂಡಿ ಒತ್ತಿದೆ. ಐದು ನಿಮಿಷದ ಮಾತು ಅಳಿಸಿ, ಆ ಜಾಗದಲ್ಲಿ ನಮ್ಮ ಕಿಸಿಕಿಸಿ ಕೂತಿತ್ತು. ಬೆಳಿಗ್ಗೆ ಕುವೈತಿಗೆ ಹೊರಡುವ ನಿಮ್ಮ ಓಣಿಯವರು ಕ್ಯಾಸೆಟ್ಟಿಗೆ ಬರುವವರಿದ್ದರು.

"ಒಂದು ತುಂಡು ಅಳಿಸಿದೆ, ಇನ್ನೊಂದು ಕಳಿಸುತ್ತೇವೆ" ಎಂದು ಅವರ ಕೈಗೆ ಒಂದು ಚೀಟಿ ಕೊಟ್ಟಿದ್ದರೆ ಸಾಕಿತ್ತು. ಕೊಡಲಿಲ್ಲ. ಟೇಪು ಹಿಂದಕ್ಕೆ ತಿರುಗಿಸಿ, ವಕೀಲರ ದನಿಯಲ್ಲಿ ತುಂಬಿಸಿದೆ. ಎರಡೂ ದಾರಿಗಳನ್ನು ಚೆನ್ನಾಗಿಯೇ ವಿವರಿಸಿದೆ. ಕೆಮ್ಮಿದೆ. "ಆದ್ರೆ" ಎಂದೆ. ಆಮೇಲೆ ಏನು? ಮರೆತಿದ್ದೆ ಎನ್ನಲಾರೆ — ಮರೆಯಲು ಮೊದಲು ಕೇಳಿರಬೇಕು. ಸುಲಭವಾಗಿ ಬಾಯಿಗೆ ಬಂದದ್ದನ್ನು ಹೇಳಿದೆ. "ಲೈಸೆನ್ಸು ಅವರ ಹೆಸರಲ್ಲೇ ಇರ್ಲಿ. ಬೇಗ ಆಗ್ತೈತೆ." ಟೇಪಿನಲ್ಲಿ ಅಳಿಸದೆ ಉಳಿದಿದ್ದು ಬರೀ ಕ್ಷೇಮಸಮಾಚಾರ. ಬೆಸುಗೆ ಕಾಣಲೇ ಇಲ್ಲ. ಹೆಮ್ಮೆಪಟ್ಟೆ — ಹೌದು, ಅದನ್ನೂ ಒಪ್ಪಿಕೊಳ್ಳಬೇಕು.

ಮೂರು ವರ್ಷದ ಮೇಲೆ ನೀವು ಅದೇ ಕ್ಯಾಸೆಟ್ಟು ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದಿರಿ. ಲೈಸೆನ್ಸು ಯಾರ ಹೆಸರಿನಲ್ಲಿತ್ತೋ ಆ ಮುದುಕರು ತೀರಿಕೊಂಡಿದ್ದರು. ಕಾನೂನಿನಂತೆ ವರ್ಕ್‌ಶಾಪು ಅವರ ಮಕ್ಕಳಿಗೆ ಹೋಯಿತು. ಅವರು ಬಾಗಿಲು ಮುಚ್ಚಿದರು. ಎಂಟು ವರ್ಷದ ದುಡಿಮೆಯಲ್ಲಿ ನಿಮ್ಮದು ಎಂದು ತೋರಿಸಲು ಒಂದು ಹಾಳೆ ಇರಲಿಲ್ಲ. "ಆ ಮುದುಕರು ಒಳ್ಳೇರೇ ಸಾಹೇಬ್ರೆ. ಕಾಗದದಾಗೆ ನಾನಿರ್ಲಿಲ್ಲ, ಅಷ್ಟೇ" ಎಂದಿರಿ.

ಕ್ಯಾಸೆಟ್ಟು ಓಡಿತು. ವಕೀಲರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ನೋಡಿದರು — ಒಂದೇ ಸಲ.

"ನನ್ನ ದನೀನೇ ಐತಲ್ಲ ದಾದಾಪೀರ್. ನಂದೇ ತಪ್ಪು."

"ಬಿಡ್ರಿ ಸಾಹೇಬ್ರೆ. ನನ್ನ ಒಳ್ಳೇದಕ್ಕೇ ಹೇಳಿರ್ತೀರಿ." ನಾನು ತಂದಿಟ್ಟ ಚಹಾ ನೋಡಿ ನೀವು ಕೇಳಿದಿರಿ: "ನೀನು ಕುಡಿಯಲ್ವೇನೋ ತಮ್ಮಾ?"

ನೀವು ಹೋದ ಮೇಲೆ ವಕೀಲರು ಬೈಯುತ್ತಾರೆಂದು ಕಾದೆ. ಅವರು ಫೈಲು ಬಿಚ್ಚುತ್ತಾ ಇಷ್ಟೇ ಹೇಳಿದರು: "ನಾನು ಅಷ್ಟೊಂದು ಕೆಮ್ಮಲ್ಲಪ್ಪ."

ಆ ಫೈಲನ್ನು ಮೇಜಿನ ಮೇಲೆ ಬಿಟ್ಟೇ ಊಟಕ್ಕೆ ಹೋದರು. ಆ ಭಾನುವಾರ ಟೇಪಿನ ಮುಂದೆ ಇಟ್ಟುಕೊಂಡಿದ್ದ ಅವರದೇ ಅಕ್ಷರದ ಟಿಪ್ಪಣಿ ಅದರಲ್ಲಿತ್ತು. "ಎಷ್ಟು ತಡವಾದರೂ ಕಂಪನಿಯೇ ಆಗಲಿ. ಮನುಷ್ಯ ಎಷ್ಟೇ ಒಳ್ಳೆಯವನಾದರೂ ಒಂದು ದಿನ ಸಾಯುತ್ತಾನೆ. ಕಂಪನಿ ಉಳಿಯುತ್ತದೆ, ಅದರಲ್ಲಿ ದಾದಾಪೀರನ ಪಾಲೂ ಉಳಿಯುತ್ತದೆ."

ನನ್ನನ್ನು ಯಾಕೆ ಉಳಿಸಿದರೋ ಕೇಳುವ ಧೈರ್ಯ ಬರಲಿಲ್ಲ. ನಾನೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದರೋ ಏನೋ — ಈಗಲೂ ಕಾಯುತ್ತಿದ್ದಾರೋ. ಕೆರೆಬಿಳಚಿಯವರು ಇವತ್ತಿಗೂ ಹೊರದೇಶದ ಕಾಗದವನ್ನು ಅವರ ಹತ್ತಿರ ತರುವುದಿಲ್ಲ. ಕನ್ನಡಿಯ ಮುಂದೆ ನಿಂತು ವಕೀಲರು "ನಂದೇ ತಪ್ಪು" ಅಂದ ರೀತಿಯನ್ನು ಎಷ್ಟೋ ಸಲ ಮಾಡಿ ನೋಡಿದ್ದೇನೆ. ನೀವು "ಬಿಡ್ರಿ" ಅಂದದ್ದನ್ನೂ. ಊರಿನ ದನಿಗಳೆಲ್ಲ ಬರುತ್ತವೆ ಅಣ್ಣ, ಅವೆರಡು ಬರುವುದಿಲ್ಲ. ಅಂಥ ಮಾತು ಎಲ್ಲಿಂದ ಹೊರಡುತ್ತದೋ ಆ ಜಾಗ ನನ್ನಲ್ಲಿ ಇನ್ನೂ ಇಲ್ಲ.

ಇದನ್ನು ಟಪಾಲಿಗೆ ಹಾಕುವುದಿಲ್ಲ. ಓದುವುದು ನಿಮಗೆ ತ್ರಾಸು, ಬೇರೆಯವರ ಬಾಯಲ್ಲಿ ನೀವು ಕೇಳಬಾರದು. ಭಾನುವಾರ ನಾನೇ ಹಿಡಿದುಕೊಂಡು ಕೆರೆಬಿಳಚಿಗೆ ಬರುತ್ತೇನೆ. ನೀವು ಊರಲ್ಲಿ ಮತ್ತೆ ಹಾಕಿಕೊಂಡ ವೆಲ್ಡಿಂಗ್ ಶೆಡ್ಡಿನಲ್ಲಿ ಜನ ಕೂತಿರುವ ಹೊತ್ತಿಗೇ ನಿಂತು ಓದುತ್ತೇನೆ, ಯಾರ ದನಿಯನ್ನೂ ಎರವಲು ತರದೆ. ನಡುವೆ ಕೆಮ್ಮು ಬಂದರೆ ಅದು ನನ್ನದೇ.