ಬಿಡಲೊಲ್ಲದ ಗಾಲಿ

ಬಾಳಪ್ಪ ನನ್ನ ಗಂಡನ ತಮ್ಮ. ಇಪ್ಪತ್ತೆಂಟು ವರ್ಷದಿಂದ ಗಾಡಿ ಓಡಿಸುತ್ತಾನೆ. ಮೊದಲು ಖಾನಾಪುರದಲ್ಲಿ ಹಂಚಿನ ಲಾರಿ, ಈಗ ಸ್ವಂತ ಕಾರು. ಇಲ್ಲಿಯವರೆಗೆ ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ. ಮಾತು ಮಾತ್ರ ಅರ್ಧ ಬಾಯಲ್ಲೇ ಉಳಿಯುತ್ತದೆ.

ಅವನ ಹೆಂಡತಿ ಫಕೀರವ್ವನಿಗೆ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಯಿತು. ಮಂಗಳವಾರ, ಶುಕ್ರವಾರ ಬೆಳಗಾವಿಯಲ್ಲಿ ಡಯಾಲಿಸಿಸ್. ಹನ್ನೊಂದಕ್ಕೆ ಅವಳ ಪಾಳಿ. ತಪ್ಪಿದರೆ ಆ ದಿನ ಮಷಿನ್ನು ಸಿಗುವುದಿಲ್ಲ.

ಕಳೆದ ಸೋಮವಾರ ಬೆಳಗಾವಿಯ ಗ್ಯಾರೇಜಿನಲ್ಲಿ ಲಕ್ಷ್ಮಣನೆಂಬ ಮಿಸ್ತ್ರಿ ಕಾರಿಗೆ ಹೊಸ ಬ್ರೇಕ್ ಪ್ಯಾಡು ಹಾಕಿಕೊಟ್ಟಿದ್ದ. ಮರುದಿನ ನಾವು ಮೂವರೂ ಊರಿನಿಂದ ಬೆಳಗಾವಿಯ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ದೇಸೂರು ಸಮೀಪಿಸುವಾಗ ಕಾರು ಎಡಕ್ಕೆ ಎಳೆಯತೊಡಗಿತು. ಸುಟ್ಟ ವಾಸನೆಯೂ ಬಂತು. ಬಾಳಪ್ಪ ಬದಿಗೆ ನಿಲ್ಲಿಸಿ ಲಕ್ಷ್ಮಣನಿಗೆ ಫೋನ್ ಹಚ್ಚಿದ. ಆಗ ಹತ್ತು ಗಂಟೆ ಐದು ನಿಮಿಷ.

“ಲಕ್ಷ್ಮಣಾ, ಬ್ರೇಕ್ ಭಾಳ ಹಿಡಿತೈತೊ.”

“ಹಿಡೀಲಿ ಅಂತನ ಹಾಕೀನ್ರಿ ಕಾಕಾ! ಹಿಡೀಲಿಲ್ಲಂದ್ರ ಫೋನ್ ಮಾಡ್ರಿ,” ಎಂದು ನಕ್ಕು ಇಟ್ಟುಬಿಟ್ಟ.

ಬಾಳಪ್ಪ ಕಾರಿನ ಸುತ್ತ ಎರಡು ಸಲ ತಿರುಗಿದ. ಗಡಿಯಾರ ನೋಡಿದ, ರಸ್ತೆ ನೋಡಿದ, ಮತ್ತೆ ತಿರುಗಿದ.

“ನನ್ನ ನೋಡಾಕ ಬಂದಾಗೂ ಅಂಗಳದಾಗ ಹಿಂಗ ಸುತ್ತಿದ್ರು. ಒಂದ ಮಾತ ಆಡಲಿಲ್ಲ,” ಎಂದಳು ಫಕೀರವ್ವ, ಒಳಗಿನಿಂದಲೇ.

ನಾನು ಇಳಿದು ನಾಲ್ಕೂ ಗಾಲಿಗಳ ಹತ್ತಿರ, ಮುಟ್ಟದೆ, ಅಂಗೈ ಚಾಚಿ ನೋಡಿದೆ. ಮೂರು ಬೆಚ್ಚಗಿದ್ದವು. ಮುಂದಿನ ಎಡಗಾಲಿಯಿಂದ ಒಲೆಯ ಝಳ ಬರುತ್ತಿತ್ತು.

“ಬ್ರೇಕ್ ಒತ್ತಿದಾಗಷ್ಟ ಹಿಡಿತೈತೋ, ಒತ್ತದಿದ್ರೂ ಹಿಡಿತೈತೋ?” ಎಂದು ಕೇಳಿದೆ.

“ಒತ್ತದಿದ್ರೂ, ವೈನಿ.”

“ಹಂಗಾದ್ರ ಹಿಡಿತೈತಿ ಅನಬ್ಯಾಡಪ್ಪ. ಬಿಡವಲ್ದು ಅನ್ನು.”

ಅವನು ಒಳಗೆ ಕೂತು, ಇಳಿಜಾರಿನಲ್ಲಿ ಗೇರು ತೆಗೆದ, ಹ್ಯಾಂಡ್‌ಬ್ರೇಕು ಇಳಿಸಿದ, ಬ್ರೇಕಿನ ಮೇಲಿಂದ ಕಾಲನ್ನೂ ತೆಗೆದ. ಕಾರು ಕದಲಲಿಲ್ಲ. ಮತ್ತೆ ಫೋನ್ ಮಾಡಿದ.

“ಮುಂದಿನ ಎಡಗಾಲಿ. ಕಾಲ ತಗದ್ರೂ ಬಿಡವಲ್ದು. ಕೆಂಡ ಆಗೇತಿ.”

ಆ ಕಡೆಯ ನಗು ನಿಂತಿತು. “ಓಡಸಬ್ಯಾಡ್ರಿ ಕಾಕಾ. ಅಲ್ಲೇ ನಿಂದರ್ರಿ, ಬಂದೆ.”

ಇಪ್ಪತ್ತು ನಿಮಿಷದಲ್ಲಿ ಲಕ್ಷ್ಮಣ ಬೇರೊಂದು ಕಾರು ತಂದ. ಬಗ್ಗಿ ಗಾಲಿಯೊಳಗೆ ಇಣುಕಿದವನ ಮುಖ ಸಣ್ಣದಾಯಿತು.

“ಪ್ಯಾಡು ಹಿಂದಕ್ಕ ಸರಿಯೋ ಪಿನ್ನಿಗೆ ಗ್ರೀಸ್ ಹಚ್ಚೂದು ಮರತೇನ್ರಿ. ಜಾಮ್ ಆಗೇತಿ. ಬೈರಿ ನನಗ.”

“ಬೈಯೂದು ಆಮ್ಯಾಲ. ಮೊದಲ ಆಕೀನ ದವಾಖಾನಿಗೆ ಮುಟ್ಟಸು,” ಎಂದ ಬಾಳಪ್ಪ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ತಲುಪಿದೆವು. ಫಕೀರವ್ವನನ್ನು ಒಳಗೆ ಕರೆದುಕೊಂಡರು. ಬಾಳಪ್ಪ ಕೂರಲಿಲ್ಲ.

“ಬಲಗಾಲಿ ಪಿನ್ನಿಗಾದ್ರೂ ಗ್ರೀಸ್ ಹಚ್ಚೀಯೇನು?”

ಲಕ್ಷ್ಮಣ ಕಿವಿ ಕೆರೆದುಕೊಂಡ.

“ನಡಿ ದೇಸೂರಿಗೆ. ಎರಡೂ ಬಿಚ್ಚು, ನನ್ನ ಕಣ್ಣಮುಂದ ಹಚ್ಚು. ಮೂರಕ್ಕ ಆಕಿ ಹೊರಗ ಬರತಾಳ.”