ಆಪರೇಟರ್ ಚಿಕ್ಕಪ್ಪನ ಕೊನೆಯ ರೀಲು

ಮೊನ್ನೆ ಮಗಳು ಉಗುರಿನ ಬಣ್ಣ ಅಳಿಸಲು ಸಣ್ಣ ಬಾಟಲಿಯೊಂದರ ಮುಚ್ಚಳ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಹೊಸದುರ್ಗದ ಹಳೆಯ ಟಾಕೀಸಿನ ಕ್ಯಾಬಿನ್ನಿನಲ್ಲಿದ್ದೆ. ಹರಿದ ಫಿಲಂ ಅಂಟಿಸುವ ದ್ರಾವಣಕ್ಕೂ ಇದೇ ವಾಸನೆ. ಅಲ್ಲಿ ನನ್ನ ಚಿಕ್ಕಪ್ಪ ಸಿನಿಮಾ ಓಡಿಸುವ ಆಪರೇಟರ್. ನಗಬೇಡಿ, ಹಾಸ್ಟೆಲಿನ ಗೆಳತಿಯರಿಗೆ ಅವನು ಕರೆಂಟ್ ಆಫೀಸಿನಲ್ಲಿದ್ದಾನೆ ಎಂದು ಬುರುಡೆ ಬಿಟ್ಟಿದ್ದೆ. ಸಿರಿಗೆರೆಯಲ್ಲಿ ಕಾಲೇಜು ಓದುವವಳೆಂಬ ಜಂಬ!

ಚಿಕ್ಕಪ್ಪನಿಗೆ ನಲವತ್ತು ದಾಟಿತ್ತು. ಹೊಳಲ್ಕೆರೆ, ಹಿರಿಯೂರು ಎಂದು ಹೆಣ್ಣು ನೋಡಿ ಬಂದದ್ದೇ ಬಂದದ್ದು. ಸಿನಿಮಾದವನು ಎಂದ ಕೂಡಲೇ ಎಲ್ಲರೂ ಉಪ್ಪಿಟ್ಟು ಕೊಟ್ಟು ಸಾಗಹಾಕುತ್ತಿದ್ದರು. ಕೊನೆಕೊನೆಗೆ ಅವನಿಗೆ ಉಪ್ಪಿಟ್ಟು ಕಂಡರೇ ಆಗುತ್ತಿರಲಿಲ್ಲ.

ಹೆಂಗಸರ ಕಡೆಯ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು ಗೌರಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಂದೇ ಟಾಕೀಸಿನಲ್ಲಿದ್ದರೂ ಚಿಕ್ಕಪ್ಪನ ಮತ್ತು ಅವರ ನಡುವೆ "ಬಂದ್ರಾ?" "ಬಂದೆ" ಬಿಟ್ಟರೆ ಮಾತಿರಲಿಲ್ಲ.

ಆಗ ಒಂದು ಕಪ್ಪುಬಿಳುಪು ಪ್ರೇಮಕತೆ ಬಂತು. ನಾಯಕ ಚೆಲುವನಲ್ಲ, ನಾಯಕಿಗೆ ವಯಸ್ಸಾಗಿದೆ. ಯಾರಿಗೂ ಬೇಡವಾದ ಇಬ್ಬರ ಕತೆ, ಒಂದೂ ಫೈಟಿಲ್ಲ. ಬೇಸರವಾದರೆ ಜನ ಶಿಳ್ಳೆ ಹೊಡೆಯುವುದು, ಆಪರೇಟರ್ ಒಂದು ರೀಲು ಹಾರಿಸಿಬಿಡುವುದು ನಮ್ಮಲ್ಲಿನ ಪದ್ಧತಿ. ಈ ಚಿತ್ರದಲ್ಲಿ ಮಾತ್ರ ಚಿಕ್ಕಪ್ಪ ಒಂದಡಿಯನ್ನೂ ಹಾರಿಸಲಿಲ್ಲ. ನಾಲ್ಕನೇ ದಿನ ಮ್ಯಾಟಿನಿಗೆ ಏಳೇ ಜನ.

ಅವತ್ತು ರಜೆಗೆ ಬಂದಿದ್ದ ನಾನೇ ಕ್ಯಾಬಿನ್ನಿಗೆ ಬುತ್ತಿ ಒಯ್ದಿದ್ದೆ. ಏಳು ಜನವೂ ಹೋದ ಮೇಲೆ ಚಿಕ್ಕಪ್ಪ ಮೆಟ್ಟಿಲಿಂದಲೇ ಗೌರಮ್ಮನನ್ನು ಕೇಳಿದ, "ಹೆಂಗಿತ್ರಿ ಸಿನಿಮಾ?"

"ನಂಗೇನ್ ಗೊತ್ತು? ಮುಗಿಯಾ ಹೊತ್ತಿಗೆ ಬಾಗ್ಲು ತೆಗಿಯಾಕೆ ಎದ್ದೋಗ್ಬೇಕು. ಯಾವ ಸಿನಿಮಾದ ಕೊನೇನೂ ನಾನ್ ನೋಡಿಲ್ರಿ."

"ಕುಂತ್ಕಳ್ರಿ" ಎಂದು ಚಿಕ್ಕಪ್ಪ ಮೇಲೆ ಓಡಿಬಂದ.

ಗಡಿಬಿಡಿಯಲ್ಲಿ ಆಗತಾನೇ ಓಡಿದ್ದ ಕೊನೆಯ ರೀಲನ್ನು ಹಿಂದಕ್ಕೆ ಸುತ್ತದೆ ಹಾಗೇ ಏರಿಸಿಬಿಟ್ಟ. ತೆರೆಯ ಮೇಲೆ ನಾಯಕ ನಾಯಕಿ ತಲೆಕೆಳಗಾಗಿ ನೇತಾಡುತ್ತ, ಹಿಂದೆ ಹಿಂದೆ ನಡೆದು, ಒಬ್ಬರಿಂದೊಬ್ಬರು ದೂರವಾದರು. ಹದಿನೈದು ವರ್ಷದ ಅನುಭವದ ಆಪರೇಟರ್! ಗೌರಮ್ಮ ಎದ್ದು ಹೋದರೆ ಈ ಮನುಷ್ಯ ಇನ್ನೊಮ್ಮೆ ಯಾರನ್ನೂ ಕೂರಿಸಲಾರ ಎಂದು ಕಿಂಡಿಯಲ್ಲಿ ಇಣುಕಿದೆ. ಆದರೆ ಕೆಳಗಿನಿಂದ ಬಂದದ್ದು ನಗು.

"ನಿಧಾನಕ್ಕೆ ಸುತ್ರಿ, ನಾನೆಲ್ಲೂ ಹೋಗಲ್ಲ."

ಸುತ್ತಿ, ಸರಿಯಾಗಿ ಬಿಟ್ಟ. ಆಗಿನ ಮಿಷನ್ನಿನಲ್ಲಿ ಎರಡು ಕಾರ್ಬನ್ ಕಡ್ಡಿ ಉರಿದು ಬೆಳಕು ಕೊಡುತ್ತಿದ್ದವು. ಸವೆದಂತೆಲ್ಲ ತಿರುಪಿ ಹತ್ತಿರ ತರುತ್ತಿರಬೇಕು, ಆಪರೇಟರ್ ಅಲುಗಾಡುವಂತಿಲ್ಲ. "ನೀನ್ ಕೆಳಗೋಗು ಚಿಕ್ಕಪ್ಪ, ನಾನ್ ನೋಡ್ಕಂತೀನಿ" ಎಂದೆ. ಹೋದ.

ನಾನೋ, ಕಿಂಡಿಯಲ್ಲಿ ಅವರಿಬ್ಬರನ್ನೇ ನೋಡುತ್ತ ಕಡ್ಡಿ ತಿರುಪುವುದನ್ನೇ ಮರೆತೆ. ಚಿತ್ರ ಮಬ್ಬಾಗುತ್ತ ಬಂತು. ಬೆಳಕು ಕಮ್ಮಿಯಾದರೆ ಜನ ಆಪರೇಟರನ ವಂಶವನ್ನೆಲ್ಲ ಜಾಲಾಡುವ ಜಾಗ ಅದು. ಅವತ್ತು ಸ್ವತಃ ಆಪರೇಟರೇ ಕೆಳಗೆ ಕೂತಿದ್ದರೂ ಒಂದು ಸೊಲ್ಲಿಲ್ಲ.

ಅವರಿಬ್ಬರ ಮದುವೆಯ ಸುದ್ದಿಗೆ ನಮ್ಮಪ್ಪ ಒಂದು ತಿಂಗಳು ತಮ್ಮನೊಡನೆ ಮಾತು ಬಿಟ್ಟರು. ಮದುವೆ ಆಗಿಯೇ ಆಯಿತು. ಅಂದಿನಿಂದ ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ: ನಮ್ಮ ಚಿಕ್ಕಪ್ಪನ ಧೈರ್ಯ ನೋಡಿ, ಅಲ್ಲೇ ಕೂತು ಮದುವೆಗೆ ಕೇಳಿಬಿಟ್ಟ!

ಮೊನ್ನೆ ಮಗಳಿಗೂ ಹಾಗೇ ಹೇಳಿ, ಸಾಕ್ಷಿಗೆಂದು ಹೊಸದುರ್ಗಕ್ಕೆ ಫೋನ್ ಹಚ್ಚಿದೆ. ಗೌರಮ್ಮ ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡರು.

"ಅವರೇನ್ ಕೇಳ್ತಾರೆ? ಬಂದು ಕುಂತ್ರು, ಬೆವತ್ರು, ಅಷ್ಟೇಯ. ಎದ್ದು ಹೋಗ್ಬಿಡ್ತಾರೇನೋ ಅಂತ ನಾನೇ ಕೈ ಹಿಡ್ಕಂಡೆ. ನನ್ನ ಮದ್ವೆ ಆಗ್ತೀರೇನ್ರಿ ಅಂತ ನಾನೇ ಕೇಳ್ದೆ."

ಊರಿಗೆ ಊರೇ ಆಡಿಕೊಳ್ಳುವ ಕಾಲದಲ್ಲಿ, ಗಂಡ ಸತ್ತ ಹೆಂಗಸು ತಾನೇ ಬಾಯಿಬಿಟ್ಟು ಕೇಳಿದ್ದಳು! ಇಷ್ಟು ವರ್ಷ ನಾನು ಹೆಮ್ಮೆಪಟ್ಟದ್ದು ಏನೇನೂ ಸಾಲದು ಅನ್ನಿಸಿತು. ಇನ್ನು ಮುಂದೆ ಈ ಕತೆಯನ್ನು ಹೀಗೇ ಹೇಳುತ್ತೇನೆ ಎಂದೆ.

ಫೋನಿನಲ್ಲಿ ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿತು: "ಹೇಳಮ್ಮ, ಹಂಗೇ ಹೇಳು. ನಾನು ತಕ್ಷಣ ಹೂಂ ಅಂದೆ ಅನ್ನಾದನ್ನೂ ಸೇರಿಸು!"