ಸಚಿಕೊ ಆಂಟಿ ಆಡದ ಆಟ

ಹಾಲಿನ ಡಬ್ಬಿಯನ್ನೂ ಸೋಪು ಹಾಕಿ ತೊಳೆಯದೆ ಮನೆಯೊಳಗೆ ಬಿಟ್ಟುಕೊಳ್ಳದ ಕಾಲ ಅದು. ಶಾಲೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತ್ತು. ನನಗೆ ಹನ್ನೆರಡು ವರ್ಷ. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಮನೆ. ಧಾರವಾಡದಿಂದ ಬಂದಿದ್ದ ಅಪ್ಪನ ತಾಯಿ, ವಿಮಾನಗಳು ನಿಂತು ನಮ್ಮಲ್ಲೇ ಸಿಕ್ಕಿಕೊಂಡಿದ್ದಳು. ಅಜ್ಜಿಗೆ ಊರಿನ ಚಿಂತೆ, ನನಗೋ ಹಬ್ಬ. ಅಲ್ಲಿಯವರೆಗೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು ಇವತ್ತು ಇದನ್ನು ಬರೆಯುತ್ತಿದ್ದರೆ ಅದು ಆ ವರ್ಷದ ಪುಣ್ಯ.

ಬೆಳಿಗ್ಗೆ ಮನೆಯೆಲ್ಲ ಜೋಳದ ರೊಟ್ಟಿಯ ವಾಸನೆ, ಅದರ ಮೇಲೆ ಅಪ್ಪ ಸುರಿಯುತ್ತಿದ್ದ ಸ್ಯಾನಿಟೈಸರಿನ ಘಾಟು. ಮಧ್ಯಾಹ್ನ ಹಿತ್ತಿಲ ಕಾಂಕ್ರೀಟಿನ ಮೇಲೆ ಚಾಕ್‌ಪೀಸಿನಿಂದ ಚೌಕಾಬಾರದ ಮನೆ ಬರೆದು ನಾನೂ ಅಜ್ಜಿಯೂ ಕೂರುತ್ತಿದ್ದೆವು. ಅಜ್ಜಿ ಆಟದಲ್ಲಿ ಮೊಮ್ಮಗಳು ಗಿಮ್ಮಗಳು ಎಂದು ದಯೆ ತೋರುವವಳಲ್ಲ.

ಒಂದು ದಿನ ಬೇಲಿಯಾಚೆಯಿಂದ ಮಾಸ್ಕ್ ಹಾಕಿದ ಮುಖವೊಂದು ಇಣುಕಿತು. ಪಕ್ಕದ ಮನೆಯ ಇಶಿ ಅಂಕಲ್, ಜಪಾನಿನವರು. ಆ ಕಾಯಿಯನ್ನು ಯಾಕೆ ಹೊಡೆಯಲಿಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ಅದು ಮನ್ಯಾಗ ಕುಂತದ. ಮನ್ಯಾಗ ಇದ್ದವ್ರನ್ನ ಹೊಡೀಬಾರದು ಅಂತ ಹೇಳವಾ," ಎಂದಳು ಅಜ್ಜಿ.

ನಾನು ಹೇಳಿದೆ. ಅವರು ಅಜ್ಜಿಗೆ ತಲೆಬಾಗಿದರು. ಜೀವನವಿಡೀ ಆಟಗಳನ್ನು ತಯಾರಿಸಿದವನು ನಾನು, ಇಷ್ಟು ಒಳ್ಳೆಯ ನಿಯಮ ನನಗೆ ಹೊಳೆಯಲಿಲ್ಲ ಎಂದರು.

ಅವರು ಯಾರೆಂದು ತಿಳಿದಾಗ ಅಪ್ಪನನ್ನು ನೋಡಬೇಕಿತ್ತು! ಇಶಿ ಅಂಕಲ್ ಮೀನುಗಾರರ ಊರಿನಲ್ಲಿ ಹುಟ್ಟಿ, ಒಸಾಕಾದ ಒಂದು ಆಟಿಕೆ ಕಂಪನಿ ಸೇರಿ, ಚೌಕಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿ ತುಂಬಿ ವಿಡಿಯೋ ಗೇಮೊಂದಕ್ಕೆ ಆಮೆ ಬರೆದಿದ್ದರು. ಲಾಟೀನು ಹಿಡಿದು ಸುರಂಗದಲ್ಲಿ ನಡೆಯುವ ಆಮೆ. ಹುಬ್ಬಳ್ಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಅಪ್ಪ ಶಾಲೆ ತಪ್ಪಿಸಿ ಆಡಿದ್ದು ಅದನ್ನೇ. ಆಗೆಲ್ಲ ಪರದೆಯ ಮೇಲೆ ಆಟ ಮಾಡಿದವರ ಹೆಸರು ಹಾಕುತ್ತಿರಲಿಲ್ಲವಂತೆ. ಆಮೆ ಊರೂರು ಸುತ್ತಿತು, ಮಾಡಿದವರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಂಪನಿ ಅವರನ್ನು ಲಾಸ್ ಏಂಜಲೀಸಿಗೆ ಕಳಿಸಿತು. ಅಲ್ಲಿನ ಆಫೀಸು ಮುಚ್ಚಿದ ಮೇಲೆ ಗಂಡಹೆಂಡತಿ ನಮ್ಮ ಬೀದಿಗೆ ಬಂದಿದ್ದರು.

"ಎಲ್ಲರ ಮಕ್ಕಳೂ ನನ್ನ ಆಟ ಆಡಿದರು. ನನ್ನ ಹೆಂಡತಿ ಸಚಿಕೊ ಒಂದೂ ಆಡಲಿಲ್ಲ. ಅವಳು ಊಟ ಬಿಸಿ ಮಾಡಿಕೊಂಡು ನನಗಾಗಿ ಕಾಯುತ್ತಿದ್ದಳು," ಎಂದರು ಅಂಕಲ್ ಒಂದು ದಿನ.

ಸಚಿಕೊ ಆಂಟಿಗೆ ನೆನಪು ಹೋಗುತ್ತಿತ್ತು. ಕರ್ನಿ ಮೆಸಾದ ಒಂದು ಆರೈಕೆ ಮನೆಯಲ್ಲಿದ್ದರು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂಕಲ್ ಅವರಿಗಾಗಿ ಟ್ಯಾಬ್ಲೆಟ್ಟಿನಲ್ಲಿ ಒಂದು ಪುಟ್ಟ ಆಟ ಮಾಡುತ್ತಿದ್ದರು. ಕೊಡೆ ಹಿಡಿದ ಹೆಂಗಸು, ಅವರು ಹೊಸದಾಗಿ ಸಂಸಾರ ಹೂಡಿದ ಬೀದಿ. ದೀಪದ ಕಂಬಗಳನ್ನು ಮುಟ್ಟಿದರೆ ಅವಳು ಕಂಬದಿಂದ ಕಂಬಕ್ಕೆ ನಡೆಯುತ್ತಾಳೆ. ಕೊನೆಗೆ ಬಾಗಿಲು ತೆರೆದು ಅಂಕಲ್ ದನಿಯೇ "ಒಕಾಎರಿ" ಎನ್ನುತ್ತದೆ. ಮನೆಗೆ ಬಂದವರಿಗೆ ಮನೆಯಲ್ಲಿದ್ದವರು ಹೇಳುವ ಮಾತು. ಅಷ್ಟು ವರ್ಷ ಅದನ್ನು ಹೇಳಿದ್ದು ಸಚಿಕೊ ಆಂಟಿಯೇ. ಅವಳು ನನ್ನನ್ನು ಪೂರ್ತಿ ಮರೆಯುವ ಮೊದಲು ಒಂದು ಸಲ ನಾನದನ್ನು ಹೇಳಬೇಕು ಎಂಬುದಷ್ಟೇ ಅಂಕಲ್ ಆಸೆ.

ಆಟದ ಪರೀಕ್ಷೆಗೆ, ವಿಡಿಯೋ ಗೇಮನ್ನೇ ಮುಟ್ಟದ ವಯಸ್ಸಾದ ಕೈ ಬೇಕಿತ್ತು. ಅಜ್ಜಿ ಸಿಕ್ಕಳು. ಅಂಕಲ್ ಟ್ಯಾಬ್ಲೆಟ್ ಒರೆಸಿ ಬೇಲಿಯ ಮೇಲಿಟ್ಟು ಒಂದೇ ಷರತ್ತು ಹಾಕಿದರು: "ಯಾರೂ ಏನೂ ಹೇಳಿಕೊಡಬೇಡಿ. ನಾಳೆ ನನ್ನೆದುರು ಆಡಲಿ. ಆಡುವವರು ತಪ್ಪಿದರೆ ಆ ತಪ್ಪು ಆಟ ತಯಾರಿಸಿದವನದು."

ಆದರೆ ನೆಂಟರ ಮುಂದೆ ಹಾಡಬೇಕಾದ ಮಗುವನ್ನು ಒಳಗೇ ತಯಾರು ಮಾಡಿ ಕಳಿಸುವ ಮನೆತನ ನಮ್ಮದು. ಅಜ್ಜಿ ಪರದೆಯನ್ನು ಸುಮ್ಮನೆ ಕುಟ್ಟುತ್ತಿದ್ದುದನ್ನು ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ.

"ಅವ್ವಾ, ದೀಪದ ಮ್ಯಾಲೆ ಒತ್ತು. ಆಕಿ ಬರೂತನಕ ತಡಿ, ಆಮ್ಯಾಲೆ ಮುಂದಿನ ದೀಪ."

"ಹೇಳಬ್ಯಾಡ್ರಿ ಅಂದಾರಲ್ಲೋ?"

"ಅಷ್ಟ್ ದೊಡ್ಡ ಮನಷ್ಯಾರ ಮುಂದ ನೀ ತಪ್ಪಿದ್ರ ಚಂದ ಕಾಣಸ್ತದೇನು?"

ಮರುದಿನ ಅಜ್ಜಿ ಎಲ್ಲೂ ಎಡವದೆ ಬಾಗಿಲು ಮುಟ್ಟಿಸಿದಳು. ಬೇಲಿಯಾಚೆ ಅವಳ ಬೆರಳನ್ನೇ ನೋಡುತ್ತಿದ್ದ ಅಂಕಲ್ ಕಣ್ಣೊರೆಸಿಕೊಂಡರು. ಸಂಜೆ, ಹೂರಣ ತುಂಬಿದ ಅಕ್ಕಿಯ ಉಂಡೆ ತಂದುಕೊಟ್ಟರು. "ನಮ್ಮ ಕಡಬಿನ ತಂಗಿ ಇದು," ಎಂದು ಅಜ್ಜಿ ಎರಡು ತಿಂದಳು. ಟ್ಯಾಬ್ಲೆಟ್ ಕರ್ನಿ ಮೆಸಾಕ್ಕೆ ಹೋಯಿತು.

ಆ ವಾರದ ಕೊನೆಗೆ ಅಂಕಲ್ ಬೇಲಿಯ ಬಳಿ ಬಂದಾಗ ಅವರ ಮುಖ ನೋಡಲಾಗಲಿಲ್ಲ. ಸಚಿಕೊ ಆಂಟಿ ದೀಪ ಮುಟ್ಟಲೇ ಇಲ್ಲವಂತೆ. ಕೊಡೆ ಹಿಡಿದ ಹೆಂಗಸನ್ನೇ ಒತ್ತಿದರಂತೆ, ಅವಳು ಅಲುಗದಿದ್ದಾಗ ಹೆದರಿ ಅತ್ತರಂತೆ.

ನಾನು ಹೇಳಿದ್ದನ್ನು ಕೇಳಿ ಅಜ್ಜಿ ಎದ್ದು ನಿಂತಳು. "ನನಗ ಮಗ ಹೇಳಿಕೊಟ್ಟಿದ್ದ ಅಂತ ಹೇಳು. ಮೊದಲ ನಾನೂ ಆ ಹೆಣ್ಣಮಗಳನ್ನ ಒತ್ತಿದ್ದೆ ಅಂತನೂ ಹೇಳು."

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಅಂಕಲ್ ಸಿಟ್ಟಾಗಲಿಲ್ಲ. "ಹಾಗಾದರೆ ಎಲ್ಲಿ ತಪ್ಪಿದೆನೆಂದು ಗೊತ್ತಾಯಿತು," ಎಂದು ಒಳಗೆ ಹೋದರು.

ಆಮೇಲೆ ಹಲವು ಮಧ್ಯಾಹ್ನ ಅಜ್ಜಿ ಯಾರ ಸಹಾಯವೂ ಇಲ್ಲದೆ ಆಡಿದಳು, ಮನಸಾರೆ ತಪ್ಪಿದಳು. ಅಂಕಲ್ ಪ್ರತಿ ಸಲ ತಿದ್ದಿ ತಂದರು. ಕೊನೆಗೆ ಹೆಂಗಸನ್ನು ಮುಟ್ಟಿದರೆ ಸಾಕು, ತಾನೇ ಮನೆಯ ಕಡೆ ಹೊರಡುತ್ತಿದ್ದಳು. ಮರುದಿನ ಅದನ್ನು ಕೊಂಡೊಯ್ಯಲು ಅವರು ಕಾರಿನ ಹತ್ತಿರ ನಿಂತಿದ್ದಾಗಲೇ ಫೋನು ಬಂತು. ಸಚಿಕೊ ಆಂಟಿಗೆ ಜ್ವರ ಹಿಡಿದು ಆಸ್ಪತ್ರೆಗೆ ಸೇರಿಸಿದ್ದರು. ಅವರು ಅಲ್ಲಿಂದ ಹಿಂದಿರುಗಲಿಲ್ಲ. ಅಪ್ಪ ಹೇಳಿಕೊಡದೆ ಆಟ ಮೊದಲೇ ಸರಿಹೋಗಿದ್ದರೆ, ಆಡಲು ನಡುವೆ ಎಷ್ಟೋ ದಿನಗಳು ಸಿಗುತ್ತಿದ್ದವು. ಆಟದಲ್ಲಾದರೂ ಅವರು ಮನೆ ಸೇರಿ ಆ "ಒಕಾಎರಿ" ಕೇಳುತ್ತಿದ್ದರು.

ವಿಮಾನ ಶುರುವಾದ ಮೇಲೆ ಅಜ್ಜಿ ಧಾರವಾಡಕ್ಕೆ ಹೋದಳು, ಎರಡನೆಯ ಅಲೆಯಲ್ಲಿ ತೀರಿಕೊಂಡಳು. ಅಂಕಲ್ ಮನೆ ಮಾರಿ ಜಪಾನಿಗೆ, ತಂಗಿಯ ಹತ್ತಿರ ಹೋದರು. ಹೋದ ವರ್ಷ ಅವರೂ ತೀರಿಕೊಂಡ ಸುದ್ದಿ ಬಂತು. ನಾನು ನಾರ್ತ್‌ರಿಜ್‌ನಲ್ಲಿ ಕಾಲೇಜು ಓದುತ್ತಿದ್ದೇನೆ. ಸುದ್ದಿ ಹೇಳಲು ಅಪ್ಪನಿಗೆ ಫೋನು ಮಾಡಿದೆ.

"ಅವರು ನನ್ನ ಒಂದ್ ಸಲನೂ ಬೈಲಿಲ್ಲವ್ವಾ. ನಿನ್ನ ಅಜ್ಜಿನೂ ಬೈಲಿಲ್ಲ. ಒಂದ್ ಮಾತು ಬೈದಿದ್ರ ನಾ ಹಗುರ ಆಗತಿದ್ದೆ."

ನನಗೆ ಅತ್ತುಬಿಡಬೇಕೆನಿಸಿತು. ಅಪ್ಪನನ್ನು ಬೈಯುವ ಹಕ್ಕಿದ್ದವರು ಲೋಕದಲ್ಲಿ ಇಬ್ಬರೇ ಇದ್ದರು. ಈಗ ಒಬ್ಬರೂ ಇಲ್ಲ.